ಸೃಷ್ಟಿಯ ವಿಷಯವಾಗಿ ನಮ್ಮ ಹಳ್ಳಿಗಳಲ್ಲಿ ಕೇಳಲ್ಪಡುವ ಪ್ರಶ್ನೆಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಸೀಮೆಗಳ ಸಭೆಗಳವರಿಗೆ ಈ ತಿಂಗಳ ಪಾಠವಾಗಿ ಆಕಾಶ ಭೂಮಿಗಳ ಹುಟ್ಟನ್ನೂ ಸ್ವಭಾವವನ್ನೂ ಕುರಿತ ಕೆಲವು ಪ್ರಶ್ನೆಗಳನ್ನು ಎತ್ತಿಕೊಂಡಿದ್ದೇವೆ. ಇವು ನಾವು ಕಲ್ಪಿಸಿದವುಗಳಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿ ಚಿಕ್ಕೆಗಳನ್ನು ಎಣಿಸುವ ಮಕ್ಕಳು ಇವನ್ನು ಕೇಳುತ್ತಾರೆ. ಪಟ್ಟಣದ ಶಾಲೆಯಲ್ಲಿ ವಿಜ್ಞಾನವನ್ನು ಓದಿ ಶನಿವಾರ ಊರಿಗೆ ಬರುವ ಹುಡುಗರು ಕೇಳುತ್ತಾರೆ. ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿದಾಗ ನೆರೆಯವರೂ ಕೇಳುತ್ತಾರೆ. ಕೆಲವು ಮನೆಗಳಲ್ಲಿ ಇದಕ್ಕೆ ಸಿಕ್ಕುವ ಉತ್ತರವು, "ಸುಮ್ಮನಿರು, ಇಂಥಾದ್ದನ್ನು ಕೇಳಬಾರದು" ಎಂಬುದೇ. ಇದರಿಂದ ಮಗುವು ಬಾಯಿ ಮುಚ್ಚುವದೇ ಹೊರತು ನಂಬಿಕೆಯಲ್ಲಿ ಬಲಗೊಳ್ಳುವದಿಲ್ಲ. ಶಾಲೆಗೆ ಒಂದು, ಸಭೆಗೆ ಇನ್ನೊಂದು ಎಂದು ಅದು ತನ್ನ ಮನಸ್ಸನ್ನು ಎರಡು ಪಾಲು ಮಾಡಿಕೊಳ್ಳುತ್ತದೆ. ಕೆಲವು ವರುಷಗಳ ಮೇಲೆ ಒಂದು ಪಾಲನ್ನು ಬಿಟ್ಟುಬಿಡುತ್ತದೆ. ಅದು ಬಿಡುವ ಪಾಲು ಯಾವದೆಂಬದನ್ನು ಸಭೆಯ ಹಿರಿಯರು ಬಲ್ಲರು. ಆದಕಾರಣ ಇಂಥ ಪ್ರಶ್ನೆಗಳಿಗೆ ಹೆದರದೆ, ತಿಳಿದದ್ದನ್ನು ತಿಳಿದಂತೆಯೇ ಹೇಳುವದು ಉಪದೇಶಿಗಳಿಗೂ ರವಿವಾರದ ಶಾಲೆಯ ಶಿಕ್ಷಕರಿಗೂ ತಾಯಿತಂದೆಗಳಿಗೂ ಕರ್ತವ್ಯವಾಗಿದೆ. ಇನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯ ಪ್ರಶ್ನೆ: ಸೂರ್ಯನೂ ನಕ್ಷತ್ರಗಳೂ ಯಾವದರಿಂದ ಆಗಿವೆ?

ನಕ್ಷತ್ರದ ಚೂರನ್ನು ಯಾರೂ ಕೈಯಲ್ಲಿ ಹಿಡಿದು ನೋಡಿದ್ದಿಲ್ಲ. ಹೀಗಿರಲಾಗಿ ಅದು ಇಂಥ ವಸ್ತುವಿನಿಂದ ಆಗಿದೆಯೆಂದು ಹೇಳುವದು ಹೇಗೆ? ಉತ್ತರವು ಅದರ ಬೆಳಕಿನಲ್ಲಿಯೇ ಇದೆ. ಸೂರ್ಯನ ಬಿಳಿಯ ಬೆಳಕು ಮಳೆಬಿಲ್ಲಿನಲ್ಲಿ ಬಣ್ಣಬಣ್ಣವಾಗಿ ಬಿಚ್ಚಿಕೊಳ್ಳುವದನ್ನು ನಾವೆಲ್ಲರೂ ಕಂಡಿದ್ದೇವೆ. ಮೂರು ಮಗ್ಗಲಿನ ಗಾಜಿನ ತುಂಡಿನಿಂದಲೂ ಅದನ್ನು ಹಾಗೆಯೇ ಬಿಚ್ಚಬಹುದು. ಅಡಿಗೆ ಮಾಡುವ ತಾಯಂದಿರು ಇನ್ನೊಂದು ಸಂಗತಿಯನ್ನು ಬಲ್ಲರು. ಅದೇನಂದರೆ, ಒಲೆಯ ಉರಿಯಲ್ಲಿ ಉಪ್ಪು ಬಿದ್ದರೆ ಉರಿಯು ಹಳದಿಯಾಗುತ್ತದೆ. ಉಪ್ಪಿನಲ್ಲಿ ಸೇರಿರುವ ಸೋಡಿಯಂ ಎಂಬ ಮೂಲವಸ್ತುವಿನ ಗುರುತು ಅದು. ಹೀಗೆ ಪ್ರತಿಯೊಂದು ಮೂಲವಸ್ತುವೂ ಕಾದು ಆವಿಯಾಗಿ ಹೊಳೆಯುವಾಗ ತನಗೇ ಸಲ್ಲುವ ಬಣ್ಣದ ಗೆರೆಗಳನ್ನು ಕೊಡುತ್ತದೆಂದು ಸುಮಾರು ೧೮೬೦ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಕಿರ್ಖಾಫ್ ಎಂಬ ಇಬ್ಬರು ಪಂಡಿತರು ತೋರಿಸಿಕೊಟ್ಟರು. ಕುರುಬನು ಸಂತೆಯ ಹಿಂಡಿನಲ್ಲಿಯೂ ಗುರುತಿನಿಂದ ತನ್ನ ಕುರಿಯನ್ನು ತಿಳಿಯುವ ಹಾಗೆ, ಈ ಗೆರೆಗಳಿಂದ ದೂರದ ಬೆಂಕಿಯಲ್ಲಿ ಉರಿಯುವದು ಏನೆಂದು ತಿಳಿಯಬಹುದು.

ಈ ಉಪಾಯವನ್ನು ಸೂರ್ಯನ ಅಂಚಿನ ಜ್ವಾಲೆಗಳ ಮೇಲೆ ಪ್ರಯೋಗಿಸಿದ ಸ್ಥಳಗಳಲ್ಲಿ ನಮ್ಮ ನಾಡೂ ಒಂದೆಂಬದನ್ನು ಅನೇಕರು ಅರಿಯರು. ೧೮೬೮ನೆಯ ಇಸವಿ ಆಗಸ್ಟ್ ೧೮ರ ಬೆಳಿಗ್ಗೆ ಪೂರ್ಣ ಸೂರ್ಯಗ್ರಹಣವಾಯಿತು. ಚಂದ್ರನ ನೆರಳು ಪಡುವಣ ಸಮುದ್ರದಿಂದ ಬಂದು, ವಿಜಾಪುರದ ಸೀಮೆಯನ್ನು ದಾಟಿ, ಗುಂಟೂರು ಮಚಲೀಪಟ್ಟಣಗಳ ಮೇಲೆ ಹಾದು ಮೂಡಣ ಸಮುದ್ರಕ್ಕೆ ಹೋಯಿತು. ಬಾಗೇವಾಡಿಯೂ ಮುದ್ದೇಬಿಹಾಳವೂ ಆ ನೆರಳಿನ ದಾರಿಯಲ್ಲಿಯೇ ಇದ್ದವು. ಆ ದಿವಸ ಲಂಡನ್ನಿನ ರಾಯಲ್ ಸೊಸಾಯಿಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಶೆಲ್ ಎಂಬವರು ಬೆಳಕನ್ನು ಬಿಚ್ಚಿ ತೋರಿಸುವ ಯಂತ್ರವನ್ನು ದೂರದರ್ಶಕಕ್ಕೆ ಹೊಂದಿಸಿಕೊಂಡು ಜಮಖಂಡಿಯಲ್ಲಿ ಕಾದಿದ್ದರು. ಇವರು ಭೂಮಿಯನ್ನಳೆಯುವ ಇಲಾಖೆಯ ಅಧಿಕಾರಿ. ೧೭೮೧ರಲ್ಲಿ ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಶೆಲರ ಮೊಮ್ಮಗ. ಜಮಖಂಡಿಯು ಆಗ ಪಟವರ್ಧನರ ಸಂಸ್ಥಾನ, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ್ದು. ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಎಂಬವರೂ, ಗುಂಟೂರಿನಲ್ಲಿ ಫ್ರಾನ್ಸ್ ದೇಶದ ಜಾನ್ಸೆನ್ ಎಂಬವರೂ ಅಂಥವೇ ಯಂತ್ರಗಳನ್ನು ಹೂಡಿದ್ದರು. ಶ್ರಾವಣದ ಮೋಡಗಳು ಜಮಖಂಡಿಯಲ್ಲಿ ಬಹಳ ಕಾಡಿದವು. ಆದರೂ ಮೋಡದ ಸಂದಿನಲ್ಲಿ ಹರ್ಶೆಲರು ಕತ್ತಲಾದ ಸೂರ್ಯನ ಅಂಚಿನಲ್ಲಿ ಎದ್ದುನಿಂತ ಜ್ವಾಲೆಯ ಮೇಲೆ ಯಂತ್ರವನ್ನು ತಿರುಗಿಸಿದಾಗ ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಹೊಳೆಯುವ ಗೆರೆಗಳು ಕಾಣಿಸಿದವು.

ಇದರಿಂದ, ಸೂರ್ಯನ ಅಂಚಿನಲ್ಲಿರುವ ಆ ಕೆಂಪು ಜ್ವಾಲೆಗಳು ಕಾದು ಹೊಳೆಯುವ ಅನಿಲವೆಂದು ನಿಶ್ಚಯವಾಯಿತು. ಅದರಲ್ಲಿ ಮುಖ್ಯವಾದದ್ದು ಜಲಜನಕ. ಅಂದರೆ ನಮ್ಮ ಬಾವಿಯ ನೀರಿನಲ್ಲಿ ಸೇರಿರುವ ವಸ್ತುವೇ. ಹರ್ಶೆಲರು ಆ ಕಿತ್ತಳೆ ಗೆರೆಯನ್ನು ಸೋಡಿಯಮ್ಮಿನದೆಂದು, ಅಂದರೆ ಉಪ್ಪಿನ ಉರಿಯ ಗೆರೆಯೆಂದು ಎಣಿಸಿದರು. ಆದರೆ ಅದೇ ವರುಷ ಅಕ್ಟೋಬರಿನಲ್ಲಿ ಇಂಗ್ಲಂಡಿನ ಲಾಕಿಯರ್ ಎಂಬವರು ಗ್ರಹಣವಿಲ್ಲದ ದಿವಸವೇ ಸೂರ್ಯನ ಅಂಚನ್ನು ನೋಡಿ, ಆ ಗೆರೆಯು ಉಪ್ಪಿನ ಗೆರೆಯ ಸ್ಥಾನದಲ್ಲಿ ಇಲ್ಲವೆಂದು ಕಂಡರು. ಭೂಮಿಯಲ್ಲಿ ಆವರೆಗೆ ತಿಳಿದ ಯಾವ ವಸ್ತುವಿಗೂ ಆ ಗೆರೆ ಹೊಂದಲಿಲ್ಲ. ಆದಕಾರಣ ಗ್ರೀಕ್ ಭಾಷೆಯಲ್ಲಿ ಸೂರ್ಯನ ಹೆಸರಿನಿಂದ ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. ಇಪ್ಪತ್ತೇಳು ವರುಷಗಳ ತರುವಾಯ, ೧೮೯೫ರಲ್ಲಿ, ರಾಮ್ಸೆ ಎಂಬವರು ಒಂದು ಖನಿಜದ ಕಲ್ಲಿನೊಳಗಿಂದ ಅದೇ ವಸ್ತುವನ್ನು ತೆಗೆದರು. ಈಗ ಮೇಲಕ್ಕೆ ಹಾರುವ ಬಲೂನುಗಳಲ್ಲಿ ಇದನ್ನು ತುಂಬುವದುಂಟು.

೧೯೨೫ರಲ್ಲಿ ಸೆಸಿಲಿಯಾ ಪೇನ್ ಎಂಬ ತರುಣಿಯು, ನಮ್ಮ ದೇಶದ ಮೇಘನಾದ ಸಾಹಾ ಅವರು ೧೯೨೦ರಲ್ಲಿ ಕಂಡುಕೊಂಡ ಸೂತ್ರವನ್ನು ಉಪಯೋಗಿಸಿ, ನಕ್ಷತ್ರಗಳ ಬಹುಪಾಲು ಜಲಜನಕವೂ ಹೀಲಿಯಮ್ಮೂ ಆಗಿವೆಯೆಂದು ಲೆಕ್ಕದಿಂದ ತೋರಿಸಿದಳು. ಹೀಗೆ ಸೂರ್ಯನೂ ಒಂದು ನಕ್ಷತ್ರವೇ, ನಕ್ಷತ್ರಗಳೆಲ್ಲಾ ದೂರದ ಸೂರ್ಯರೇ. ಸೂರ್ಯನ ಗರ್ಭದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು ೬೦ ಕೋಟಿ ಟನ್ನು ಜಲಜನಕವು ಹೀಲಿಯಮ್ಮಾಗಿ ಮಾರ್ಪಡುತ್ತದೆ. ನಮ್ಮ ಜೋಳದ ತೆನೆಯನ್ನು ಮಾಗಿಸುವ ಬಿಸಿಲು ಅಲ್ಲಿಂದ ಬರುತ್ತದೆ.

ಇಲ್ಲಿ ಒಂದು ಮಾತನ್ನು ತಾಯಂದಿರಿಗೆ ಹೇಳಬೇಕು. ಗ್ರಹಣವೆಂಬದು ಚಂದ್ರನ ನೆರಳು. ಅದರಿಂದ ಬಸುರಿಯರಿಗಾಗಲಿ, ಹೊಟ್ಟೆಯ ಕೂಸಿಗಾಗಲಿ, ಬೇಯಿಸಿದ ಅನ್ನಕ್ಕಾಗಲಿ ಕೇಡಿಲ್ಲ. ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಿದರೆ ಕಣ್ಣಿಗೆ ಕೇಡುಂಟು; ಹೆದರತಕ್ಕದ್ದು ಅದಕ್ಕೆ ಮಾತ್ರವೇ.

ಎರಡನೆಯ ಪ್ರಶ್ನೆ: ಲೋಕವು ಎಷ್ಟು ದೊಡ್ಡದು?

ಬೆಳಕು ಒಂದು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ಓಡುತ್ತದೆ. ಸೂರ್ಯನು ನಮ್ಮಿಂದ ಸುಮಾರು ೧೫ ಕೋಟಿ ಕಿಲೋಮೀಟರು ದೂರದಲ್ಲಿರುವದರಿಂದ ಅಲ್ಲಿಯ ಬೆಳಕು ನಮ್ಮ ಅಂಗಳಕ್ಕೆ ಬೀಳಲು ಎಂಟು ನಿಮಿಷಕ್ಕೆ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಆಕಾಶದಲ್ಲಿ ಎಲ್ಲಾ ನಕ್ಷತ್ರಗಳಿಗಿಂತ ಹೆಚ್ಚಾಗಿ ಹೊಳೆಯುವ ಲುಬ್ಧಕದಿಂದ ಬೆಳಕು ಬರಲು ಎಂಟೂವರೆ ವರುಷ ಬೇಕು. ಎಂಟು ವರುಷದ ಹುಡುಗನು ಈ ರಾತ್ರಿ ಅದನ್ನು ನೋಡಿದರೆ, ತಾನು ಹುಟ್ಟುವ ಮೊದಲೇ ಹೊರಟ ಬೆಳಕನ್ನು ನೋಡುತ್ತಾನೆ. ನಮ್ಮ ಸೂರ್ಯನು ಸೇರಿರುವ ಆಕಾಶಗಂಗೆಯಲ್ಲಿ ೧೦,೦೦೦ ಕೋಟಿಗೆ ಕಡಿಮೆಯಿಲ್ಲದೆ ನಕ್ಷತ್ರಗಳಿವೆ. ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಊರ ದೀಪಗಳನ್ನು ಬಿಟ್ಟು ಹೊಲಕ್ಕೆ ಹೋಗಿ ನೆತ್ತಿಯ ಮೇಲೆ ನೋಡಿದರೆ, ಒರೆಸಿದ ಸುಣ್ಣದ ಕಲೆಯ ಹಾಗೆ ಮಂಕಾದ ಒಂದು ಗುರುತು ಒಳ್ಳೇ ಕಣ್ಣಿಗೆ ಕಾಣುತ್ತದೆ. ದೇವಯಾನಿಯೆಂದು ಹೆಸರಾದ ಅದು ಇನ್ನೊಂದು ಆಕಾಶಗಂಗೆ. ಅದರ ಬೆಳಕು ನಮ್ಮನ್ನು ಮುಟ್ಟಲು ಸುಮಾರು ೨೫ ಲಕ್ಷ ವರುಷ ಹಿಡಿದಿದೆ. ಅಂಥ ನಕ್ಷತ್ರಸಮೂಹಗಳು ಸಾವಿರಾರು ಕೋಟಿಗಳಿವೆ. ಆದಕಾರಣ ಆಕಾಶವನ್ನು ನೋಡುವದೆಂದರೆ ಕಳೆದ ಕಾಲವನ್ನು ನೋಡುವದು. ದೂರವಾದಷ್ಟೂ ಹಳೆಯದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಪ್ರಶ್ನೆಯು ಸುಲಭವಾಗುವದು.

ಮೂರನೆಯ ಪ್ರಶ್ನೆ: ಲೋಕಕ್ಕೆ ಆರಂಭವುಂಟೋ, ಅಥವಾ ಅದು ಯಾವಾಗಲೂ ಹೀಗೆಯೇ ಇತ್ತೋ?

ನೂರು ವರುಷಗಳ ಹಿಂದೆ ಹೆಚ್ಚಿನ ಪಂಡಿತರು, ಅದು ಯಾವಾಗಲೂ ಹೀಗೆಯೇ ಇತ್ತೆಂದು ಎಣಿಸಿದ್ದರು. ಆ ಎಣಿಕೆಯನ್ನು ಬದಲಾಯಿಸಿದ ಸಾಕ್ಷಿಗಳು ಮೂರು.

ಒಂದನೆಯದು, ನಕ್ಷತ್ರಸಮೂಹಗಳ ಓಟ. ಇಂಡಿ ರೋಡ್ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ರೈಲು ಸೀಟಿ ಹಾಕುತ್ತಾ ನಮ್ಮನ್ನು ದಾಟಿ ದೂರವಾಗುವಾಗ ಆ ಸೀಟಿಯ ಸ್ವರವು ಇಳಿಯುವದನ್ನು ಕೇಳಿದ್ದೇವೆ. ಹಾಗೆಯೇ ದೂರವಾಗುವ ವಸ್ತುವಿನ ಬೆಳಕು ಕೆಂಪಿನ ಕಡೆಗೆ ವಾಲುತ್ತದೆ. ೧೯೨೯ರಲ್ಲಿ ಅಮೇರಿಕದ ಹಬಲ್ ಎಂಬವರು, ದೂರದ ನಕ್ಷತ್ರಸಮೂಹಗಳು ನಮ್ಮಿಂದ ದೂರ ಸರಿಯುತ್ತಿವೆ, ಹೆಚ್ಚು ದೂರದವು ಹೆಚ್ಚು ವೇಗವಾಗಿ ಸರಿಯುತ್ತಿವೆ ಎಂದು ತೋರಿಸಿದರು. ಅದಕ್ಕೆ ಎರಡು ವರುಷ ಮುಂಚೆ, ೧೯೨೭ರಲ್ಲಿ, ಬೆಲ್ಜಿಯಂ ದೇಶದ ರೋಮನ್ ಸಭೆಯ ಪಾದ್ರಿಯೂ ಗಣಿತಜ್ಞರೂ ಆದ ಲಮೆತ್ರ್ ಎಂಬವರು, ಲೋಕದ ವಿಸ್ತಾರವೇ ಹಿಗ್ಗುತ್ತಿದೆಯೆಂದು ಬರೆದಿದ್ದರು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನು ಬಡಿಯುವಾಗ ಎಳ್ಳುಗಳು ತಾವಾಗಿ ನಡೆಯುವದಿಲ್ಲ. ರೊಟ್ಟಿಯು ಹರಡುವದರಿಂದ ಒಂದರಿಂದೊಂದು ದೂರವಾಗುತ್ತವೆ. ಯಾವ ಎಳ್ಳಿನ ಬಳಿಯಲ್ಲಿ ನಿಂತರೂ ಉಳಿದವೆಲ್ಲಾ ತನ್ನಿಂದಲೇ ದೂರ ಹೋಗುತ್ತವೆಂದು ತೋರುವದು. ರೊಟ್ಟಿಗೆ ಅಂಚೂ ನಡುವೂ ಉಂಟು. ಲೋಕಕ್ಕೆ ಅಂಚಾಗಲಿ ನಡುವಾಗಲಿ ಕಂಡಿಲ್ಲ. ಉಳಿದದ್ದು ಈ ಹೋಲಿಕೆಯಂತೆಯೇ. ಹೀಗೆ ದಿನದಿನಕ್ಕೆ ದೂರವಾಗುತ್ತಿರುವವು ಹಿಂದೊಮ್ಮೆ ಒತ್ತಾಗಿದ್ದಿರಬೇಕಲ್ಲವೋ? ಆ ಲೆಕ್ಕವನ್ನು ಹಿಂದಕ್ಕೆ ಹಿಡಿದರೆ ಈಗಿನ ಅಳತೆಯಲ್ಲಿ ಸುಮಾರು ೧,೩೮೦ ಕೋಟಿ ವರುಷಗಳಾಗುತ್ತವೆ.

ಎರಡನೆಯದು, ಆ ಕಾಲದ ಉಳಿದ ಬಿಸಿ. ಗೋಲಗುಮ್ಮಟದ ಮೇಲಿನ ಸುತ್ತುಮೊಗಸಾಲೆಯಲ್ಲಿ ಒಬ್ಬನು ಚಪ್ಪಾಳೆ ತಟ್ಟಿ ನಿಲ್ಲಿಸಿದ ಮೇಲೆಯೂ ಆ ಸಪ್ಪಳವು ಹಲವು ಸಾರಿ ಮರಳಿ ಬರುವದನ್ನು ನಮ್ಮವರು ಬಲ್ಲರು. ತಟ್ಟಿದ ಕೈ ಕಾಣದಿದ್ದರೂ ತಟ್ಟಿದ್ದು ನಿಜವೆಂದು ಕಿವಿ ಹೇಳುತ್ತದೆ. ಅದೇ ಮೇರೆಗೆ, ಆರಂಭದಲ್ಲಿ ಲೋಕವು ಕುಲುಮೆಯಂತೆ ಕಾದಿದ್ದರೆ ಆ ಬಿಸಿಯ ಶೇಷವು ಈಗಲೂ ಎಲ್ಲಾ ದಿಕ್ಕಿನಿಂದಲೂ ಬರಬೇಕು. ೧೯೬೪ರಲ್ಲಿ ಅಮೇರಿಕದಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರಿಗೆ ತಮ್ಮ ರೇಡಿಯೋ ಯಂತ್ರದಲ್ಲಿ, ಯಾವ ಕಡೆಗೆ ತಿರುಗಿಸಿದರೂ ತಪ್ಪದ ಒಂದು ಮೆಲ್ಲನೆಯ ಸಪ್ಪಳವು ಸಿಕ್ಕಿತು. ಯಂತ್ರದೊಳಗೆ ಗೂಡು ಕಟ್ಟಿದ ಪಾರಿವಾಳಗಳ ಹಿಕ್ಕೆಯನ್ನು ಕೂಡ ತೊಳೆದು ನೋಡಿದರು; ಅದು ಹೋಗಲಿಲ್ಲ. ಮರುವರುಷ ಅದು ಲೋಕಾರಂಭದ ಬಿಸಿಯ ಶೇಷವೆಂದು ತಿಳಿದುಬಂತು. ಆರಂಭವಾಗಿ ಸುಮಾರು ೩ ಲಕ್ಷ ೮೦ ಸಾವಿರ ವರುಷಗಳಾದಾಗ ಕಾದ ಮಂಜು ತಿಳಿಯಾಗಿ ಹೊರಟ ಬೆಳಕು ಅದು; ಈಗ ತಣ್ಣಗಾಗಿ ಸೊನ್ನೆಗಿಂತ ಸುಮಾರು ೨೭೦ ಡಿಗ್ರಿ ಕೆಳಗಿನ ಬಿಸಿಯಾಗಿ ಉಳಿದಿದೆ. ಹಿಂದೆ ಮಾಳಿಗೆಯ ಮೇಲೆ ಅಂಟೆನಾ ಕಟ್ಟಿದ್ದ ಟೀವಿಗಳಲ್ಲಿ, ಕಾರ್ಯಕ್ರಮವಿಲ್ಲದಾಗ ಕುಣಿಯುತ್ತಿದ್ದ ಬಿಳಿಯ ಚುಕ್ಕೆಗಳಲ್ಲಿ ಒಂದು ಚಿಕ್ಕ ಪಾಲು ಇದರದೇ ಆಗಿತ್ತು.

ಮೂರನೆಯದು, ನಾವು ಮೇಲೆ ಹೇಳಿದ ಹೀಲಿಯಂ. ನಕ್ಷತ್ರಗಳು ತಮ್ಮ ಗರ್ಭದಲ್ಲಿ ಹೀಲಿಯಮ್ಮನ್ನು ಮಾಡುವದು ನಿಜ. ಆದರೆ ಲೋಕದಲ್ಲಿರುವಷ್ಟನ್ನು ಅವುಗಳೇ ಮಾಡಿರಲಾರವು. ಲೋಕದ ಸಾಮಾನ್ಯ ವಸ್ತುವಿನ ತೂಕದಲ್ಲಿ ಸುಮಾರು ಕಾಲುಪಾಲು ಹೀಲಿಯಂ, ಉಳಿದದ್ದು ಹೆಚ್ಚಾಗಿ ಜಲಜನಕ. ಆರಂಭದ ಕೆಲವೇ ನಿಮಿಷಗಳಲ್ಲಿ, ಲೋಕವೆಲ್ಲಾ ಕುಲುಮೆಯಾಗಿದ್ದಾಗ, ಎಷ್ಟು ಹೀಲಿಯಂ ಉಂಟಾಗಬೇಕೆಂದು ಗಣಿತದಿಂದ ಲೆಕ್ಕ ಹಾಕಿದರೆ ಬರುವ ಉತ್ತರವೂ ಸುಮಾರು ಕಾಲುಪಾಲೇ. ಆದಕಾರಣ ೧೮೬೮ರಲ್ಲಿ ಜಮಖಂಡಿಯ ಮೋಡದ ಸಂದಿನಲ್ಲಿ ಕಂಡ ಆ ಗೆರೆಯು, ನೋಡಿದವರು ಆಗ ಅರಿಯದಿದ್ದರೂ, ಲೋಕದ ಮೊದಲ ನಿಮಿಷಗಳ ಸಾಕ್ಷಿಯಾಗಿತ್ತು. ಭೀಮೆಯ ನೀರಿನಲ್ಲಿರುವ ಜಲಜನಕವೂ ಅಷ್ಟೇ ಹಳೆಯದು. ನೇಗಿಲಿನ ಕುಳದ ಕಬ್ಬಿಣವೂ ನಮ್ಮ ಎಲುಬಿನ ಸುಣ್ಣದ ಅಂಶವೂ ಆ ಮೇಲೆ ನಕ್ಷತ್ರಗಳಲ್ಲಿ ಬೆಂದು, ಅವು ಸಿಡಿದಾಗ ಚೆಲ್ಲಿ, ಈ ಭೂಮಿಯಲ್ಲಿ ಕೂಡಿಬಂದವುಗಳು.

ನಾಲ್ಕನೆಯ ಪ್ರಶ್ನೆ: ಅಲ್ಲಿದ್ದು ನೋಡಿದವರಾರು? ಇದನ್ನು ಹೇಗೆ ನಂಬುವದು?

ಈ ಪ್ರಶ್ನೆಯು ಒಳ್ಳೆಯದು, ಕೇಳಿದವನನ್ನು ಗದರಿಸಬಾರದು. ಒಬ್ಬನ ಮಾತಿನ ಮೇಲೆಯೇ ತೀರ್ಪು ಮಾಡಬಾರದು, ಇಬ್ಬರು ಮೂವರು ಸಾಕ್ಷಿಗಳು ಬೇಕೆಂಬ ನಿಯಮವು ಮೋಶೆಯ ಧರ್ಮಶಾಸ್ತ್ರದಿಂದ ನಮಗೆ ಪರಿಚಯವಾದದ್ದೇ. ಮೇಲೆ ಹೇಳಿದ ಮೂರು ಸಾಕ್ಷಿಗಳು ಬೇರೆಬೇರೆ ದಾರಿಯಿಂದ ಬಂದು ಒಂದೇ ಮಾತನ್ನು ಹೇಳುತ್ತವೆ. ಇದಲ್ಲದೆ, ಪಂಡಿತರು ಒಬ್ಬರ ಮಾತನ್ನೊಬ್ಬರು ಸುಮ್ಮನೆ ಒಪ್ಪಿಕೊಳ್ಳುವದಿಲ್ಲ. ಹರ್ಶೆಲರು ಉಪ್ಪಿನ ಗೆರೆಯೆಂದದ್ದನ್ನು ಲಾಕಿಯರರು ಎರಡೇ ತಿಂಗಳಲ್ಲಿ ತಿದ್ದಿದರಷ್ಟೆ.

ನಮ್ಮ ಕಾಲದಲ್ಲಿ ಕರ್ನಾಟಕದಲ್ಲಿಯೇ ನಡೆದ ಒಂದು ದೃಷ್ಟಾಂತವನ್ನು ಹೇಳುತ್ತೇವೆ. ೨೦೧೮ರಲ್ಲಿ ಅಮೇರಿಕದ ಕೆಲವು ಪಂಡಿತರು, ಆಸ್ಟ್ರೇಲಿಯದ ಮರುಭೂಮಿಯಲ್ಲಿಟ್ಟ ರೇಡಿಯೋ ಯಂತ್ರದಿಂದ, ಲೋಕಾರಂಭವಾಗಿ ಸುಮಾರು ೧೮ ಕೋಟಿ ವರುಷಗಳಾದಾಗ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಗುರುತು ಸಿಕ್ಕಿತೆಂದು ಪ್ರಕಟಿಸಿದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ ಎಂಬ ತಮ್ಮ ಯಂತ್ರದಿಂದ ಅದನ್ನು ಪರೀಕ್ಷಿಸಿದರು. ನೆಲದೊಳಗಿನ ಕಲ್ಲುಮಣ್ಣುಗಳು ಅಳತೆಯನ್ನು ಕೆಡಿಸುವದರಿಂದ, ಅದನ್ನು ತೆಪ್ಪದ ಮೇಲಿಟ್ಟು ೨೦೨೦ರಲ್ಲಿ ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟು ಕಿವಿಗೊಟ್ಟರು. ಆ ಗುರುತು ಅವರಿಗೆ ಸಿಕ್ಕಲಿಲ್ಲ. ೨೦೨೨ರಲ್ಲಿ ಅವರು ಅದನ್ನು ಲೋಕಕ್ಕೆ ತಿಳಿಸಿದರು. ದೊಡ್ಡ ದೇಶದವರು ಹೇಳಿದರೆಂದು ಒಪ್ಪಿಕೊಳ್ಳದೆ, ನಮ್ಮ ನಾಡಿನ ಕೆರೆಯ ನೀರಿನ ಮೇಲೆ ಅದನ್ನು ಒರೆಹಚ್ಚಿ ನೋಡಿದರು. ಸತ್ಯವನ್ನು ಪ್ರೀತಿಸುವವರ ರೀತಿಯು ಇದೇ. ನಮ್ಮ ಹುಡುಗರು ಇಂಥ ಕೆಲಸವನ್ನು ಕಲಿಯಲು ಹೋದರೆ ನಾವು ಹೆಚ್ಚಳಪಡೋಣ.

ಇನ್ನೂ ತಿಳಿಯದ ಸಂಗತಿಗಳು ಬಹಳ ಉಂಟೆಂಬದನ್ನು ಅದೇ ಪಂಡಿತರು ಮುಚ್ಚಿಡುವದಿಲ್ಲ. ನಕ್ಷತ್ರ, ಮಣ್ಣು, ನೀರು, ಮೈ ಎಂದು ನಾವು ಬಲ್ಲ ವಸ್ತುವೆಲ್ಲಾ ಕೂಡಿ ಲೋಕದಲ್ಲಿ ನೂರಕ್ಕೆ ಐದರಷ್ಟು ಮಾತ್ರ. ನೂರಕ್ಕೆ ಸುಮಾರು ಇಪ್ಪತ್ತೇಳು ಪಾಲು, ತೂಕವುಳ್ಳದ್ದಾದರೂ ಕಣ್ಣಿಗೆ ಕಾಣದ ವಸ್ತು. ಸುಮಾರು ಅರವತ್ತೆಂಟು ಪಾಲು, ಲೋಕವು ಹಿಗ್ಗುವದನ್ನು ಚುರುಕುಮಾಡುವ ಯಾವದೋ ಶಕ್ತಿ. ಇವೆರಡರ ಸ್ವಭಾವವು ಈವರೆಗೂ ಬಿಡಿಸದ ಒಗಟಾಗಿದೆ.

ಐದನೆಯ ಪ್ರಶ್ನೆ: ಭೂಮಿಗೆ ಆರು ಸಾವಿರ ವರುಷಗಳೇ ಅಲ್ಲವೋ?

ಹೀಗೆ ಹೇಳುವವರು ನಮ್ಮ ಸಭೆಗಳಲ್ಲಿ ಇದ್ದಾರೆ. ಈ ಲೆಕ್ಕವು ಬಂದದ್ದೆಲ್ಲಿಂದ? ಐರ್ಲೆಂಡಿನ ಅಶರ್ ಎಂಬ ಆರ್ಚ್‌ಬಿಷಪ್ಪರು ೧೬೫೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವಂಶಾವಳಿಗಳ ವರುಷಗಳನ್ನು ಕೂಡಿಸಿ, ಸೃಷ್ಟಿಯು ಕ್ರಿಸ್ತ ಪೂರ್ವ ೪೦೦೪ರಲ್ಲಿ ಆಯಿತೆಂದರು. ಆ ಮೇಲೆ ಇಂಗ್ಲಿಷ್ ಸತ್ಯವೇದದ ಪುಟಗಳ ಅಂಚಿನಲ್ಲಿ ಆ ಇಸವಿಯನ್ನು ಅಚ್ಚು ಹಾಕಿದರು. ಅಂಚಿನಲ್ಲಿದ್ದದ್ದನ್ನು ಜನರು ಮೂಲವೆಂದು ತಿಳಿದರು. ಅಶರರು ಆ ಕಾಲದ ದೊಡ್ಡ ಪಂಡಿತರೇ ಸರಿ. ಆದರೆ ಇದು ಅವರ ಲೆಕ್ಕ, ಶಾಸ್ತ್ರದ ವಚನವಲ್ಲ.

ಭೂಮಿಯ ವಯಸ್ಸನ್ನು ಭೂಮಿಯ ಕಲ್ಲೇ ಹೇಳುತ್ತದೆ. ದೀಪದ ಎಣ್ಣೆಯು ತಾಸಿಗೆ ಎಷ್ಟು ಉರಿಯುತ್ತದೆಂದು ಬಲ್ಲವನು, ಉಳಿದ ಎಣ್ಣೆಯನ್ನು ನೋಡಿ ದೀಪ ಹಚ್ಚಿ ಎಷ್ಟು ಹೊತ್ತಾಯಿತೆಂದು ಹೇಳುವನು. ಹಾಗೆಯೇ ಕೆಲವು ಕಲ್ಲುಗಳಲ್ಲಿರುವ ಯುರೇನಿಯಂ ಎಂಬ ಲೋಹವು ಗೊತ್ತಾದ ಪ್ರಮಾಣದಲ್ಲಿ ಸವೆದು ಸೀಸವಾಗುತ್ತದೆ. ಎರಡನ್ನೂ ಅಳೆದು ಕಲ್ಲಿನ ವಯಸ್ಸನ್ನು ತಿಳಿಯುತ್ತಾರೆ. ಇಂಡಿ ಸಿಂದಗಿಗಳಲ್ಲಿ ಬಾವಿ ತೋಡಿದರೆ ಎರೆಮಣ್ಣಿನ ಕೆಳಗೆ ಸಿಕ್ಕುವ ಕರಿಕಲ್ಲು ಸುಮಾರು ೬ ಕೋಟಿ ೬೦ ಲಕ್ಷ ವರುಷಗಳ ಹಿಂದೆ ಭೂಮಿಯೊಳಗಿಂದ ಕಾದು ಹರಿದ ರಸವು ಹೆಪ್ಪುಗಟ್ಟಿದ್ದು. ನಮಗೆ ಜೋಳವನ್ನು ಕೊಡುವ ಎರೆಮಣ್ಣು ಅದೇ ಕಲ್ಲು ಕೊಳೆತು ಆದದ್ದು. ಮುದ್ದೇಬಿಹಾಳದಿಂದ ತೆಂಕಲಿಗೆ ಕೃಷ್ಣೆಯನ್ನು ದಾಟಿದ ಮೇಲೆ ಸಿಕ್ಕುವ ಇಳಕಲ್ಲಿನ ಕೆಂಪು ಕಲ್ಲು ಇನ್ನೂ ಹಳೆಯದು. ಅದಕ್ಕೆ ಸುಮಾರು ೨೫೦ ಕೋಟಿ ವರುಷ. ಭೂಮಿಯ ವಯಸ್ಸು ಸುಮಾರು ೪೫೪ ಕೋಟಿ ವರುಷ. ಈ ಸಂಖ್ಯೆಗಳನ್ನು ಕೇಳಿ ಹೆದರುವದೇಕೆ? ಸೃಷ್ಟಿಗೆ ಹಿಡಿದ ಕಾಲವು ಹೆಚ್ಚೆಂದರೆ ಸೃಷ್ಟಿಸಿದವನು ಚಿಕ್ಕವನಾಗುವನೋ?

ಆರನೆಯ ಪ್ರಶ್ನೆ: ಆದಿಕಾಂಡದ ಆರು ದಿವಸಗಳು ಹಾಗಾದರೆ ಏನು?

ಶಾಲೆಯ ಹುಡುಗನು ಕೇಳುವದೇನಂದರೆ, "ಬೆಳಕು ಒಂದನೆಯ ದಿವಸ, ಸೂರ್ಯನು ನಾಲ್ಕನೆಯ ದಿವಸ. ಸೂರ್ಯನಿಲ್ಲದೆ ಸಾಯಂಕಾಲವೂ ಮುಂಜಾನೆಯೂ ಹೇಗಾದವು?" ಈ ಪ್ರಶ್ನೆಯನ್ನು ಕೇಳುವವರಲ್ಲಿ ಇವನು ಮೊದಲನೆಯವನಲ್ಲ. ಕ್ರಿ. ಶ. ೩೫೪ರಿಂದ ೪೩೦ರ ವರೆಗೆ ಜೀವಿಸಿದ್ದ ಹಿಪ್ಪೋ ಪಟ್ಟಣದ ಅಧ್ಯಕ್ಷನಾದ ಅಗಸ್ಟೀನನು ಇದನ್ನೇ ವಿಚಾರಿಸಿ, ಆ ದಿವಸಗಳು ನಮ್ಮ ಸಾಮಾನ್ಯ ದಿವಸಗಳಂಥವುಗಳಲ್ಲವೆಂದು ಬರೆದನು. ಅವನ ಕಾಲದಲ್ಲಿ ದೂರದರ್ಶಕವೂ ಇರಲಿಲ್ಲ, ಕಲ್ಲಿನ ವಯಸ್ಸನ್ನು ಅಳೆಯುವವರೂ ಇರಲಿಲ್ಲ. ವಿಜ್ಞಾನಕ್ಕೆ ಅಂಜಿ ಅವನು ಹಾಗೆ ಬರೆದನೆಂದು ಯಾರೂ ಹೇಳಲಾರರು. ಅವನು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾನೆ. ಅದರ ಸಾರವೇನಂದರೆ, ಆಕಾಶ ಭೂಮಿಗಳ ವಿಷಯವನ್ನು ಅನುಭವದಿಂದ ಬಲ್ಲ ಅನ್ಯರ ಮುಂದೆ ಕ್ರೈಸ್ತನೊಬ್ಬನು ಶಾಸ್ತ್ರದ ಹೆಸರೆತ್ತಿ ತಪ್ಪು ಮಾತನಾಡಿದರೆ ನಗೆಗೀಡಾಗುವದು ಅವನೊಬ್ಬನೇ ಅಲ್ಲ, ಶಾಸ್ತ್ರವೂ ನಗೆಗೀಡಾಗುವದು. ತಾವು ಚೆನ್ನಾಗಿ ಬಲ್ಲ ಸಂಗತಿಯಲ್ಲಿಯೇ ಅದು ತಪ್ಪೆಂದು ಕಂಡವರು, ರಕ್ಷಣೆಯ ವಿಷಯದಲ್ಲಿ ಅದನ್ನು ನಂಬುವರೋ? ಸಾವಿರದ ಆರುನೂರು ವರುಷಗಳ ಹಿಂದಿನ ಈ ಮಾತು ಇಂದಿನ ನಮ್ಮ ಹಳ್ಳಿಗಳಿಗೇ ಹೇಳಿದಂತಿದೆ.

ಹಾಗಾದರೆ ಆ ಅಧ್ಯಾಯವು ಏನನ್ನು ಕಲಿಸುತ್ತದೆ? ಅದರಲ್ಲಿ ಸೂರ್ಯಚಂದ್ರರ ಹೆಸರನ್ನು ಕೂಡ ಎತ್ತದೆ, ದೊಡ್ಡ ಬೆಳಕು, ಚಿಕ್ಕ ಬೆಳಕು ಎಂದು ಮಾತ್ರ ಹೇಳಿದೆ. ಸುತ್ತಲಿನ ಬಾಬೆಲಿನವರು ಸೂರ್ಯನನ್ನೂ ಚಂದ್ರನನ್ನೂ ದೇವರುಗಳೆಂದು ಪೂಜಿಸುತ್ತಿದ್ದರು. ಅವು ದೇವರುಗಳಲ್ಲ, ಮನೆಯಲ್ಲಿಟ್ಟ ದೀಪಗಳು ಎಂಬದೇ ಆ ಅಧ್ಯಾಯದ ಬೋಧನೆ. ದೇವರೆಂದು ಅಂಜಿದ್ದನ್ನು ಯಾರೂ ಯಂತ್ರವಿಟ್ಟು ಪರೀಕ್ಷಿಸಲಾರರು. ದೀಪವೆಂದು ತಿಳಿದದ್ದನ್ನು ಎಷ್ಟಾದರೂ ಪರೀಕ್ಷಿಸಬಹುದು. ಲೋಕವು ಯಾರದು, ಒಳ್ಳೆಯದೋ ಕೆಟ್ಟದ್ದೋ, ಅದರಲ್ಲಿ ಮನುಷ್ಯನ ಕೆಲಸವೇನು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಅಲ್ಲಿ ಹುಡುಕಬೇಕು. ಹೀಲಿಯಮ್ಮಿನ ತೂಕವನ್ನೂ ಕಲ್ಲಿನ ವಯಸ್ಸನ್ನೂ ಅಲ್ಲಿ ಹುಡುಕುವದು, ಹೊಲದ ಪಹಣಿಯಲ್ಲಿ ಮಳೆಯ ಲೆಕ್ಕವನ್ನು ಹುಡುಕಿದ ಹಾಗೆ.

ನೆರೆಯವರ ಸೃಷ್ಟಿಯ ಕಥೆಗಳನ್ನು ಕೇಳಿ ನಗುವದೂ ನಮಗೆ ತಕ್ಕದ್ದಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಸೃಷ್ಟಿಯ ಮೂಲವನ್ನು ಕುರಿತು ಪ್ರಶ್ನೆಗಳನ್ನೇ ಕೇಳುವ ಒಂದು ಸೂಕ್ತವುಂಟು. ಕೇಳುವ ಮನಸ್ಸನ್ನು ದೇವರು ಒಂದೇ ಜನಕ್ಕೆ ಕೊಟ್ಟಿಲ್ಲ.

ಏಳನೆಯ ಪ್ರಶ್ನೆ: ಆರಂಭಕ್ಕೆ ಮುಂಚೆ ಏನಿತ್ತು? ಲೋಕಕ್ಕೆ ಆರಂಭವುಂಟೆಂದು ತಿಳಿದದ್ದರಿಂದ ದೇವರಿದ್ದಾನೆಂದು ರುಜುವಾತಾಯಿತಲ್ಲವೋ?

ಮೊದಲನೆಯದಕ್ಕೆ ಉತ್ತರ: ವಿಜ್ಞಾನವು ಆರಂಭದ ಮೊದಲ ಕ್ಷಣದ ಬಳಿಯ ತನಕ ಲೆಕ್ಕವನ್ನು ಒಯ್ಯುತ್ತದೆ; ಅಲ್ಲಿಂದ ಹಿಂದಕ್ಕೆ ಅದರ ಸೂತ್ರಗಳು ನಡೆಯುವದಿಲ್ಲ. ಊಹೆಗಳು ಹಲವುಂಟು, ಸಾಕ್ಷಿಯುಳ್ಳದ್ದು ಒಂದೂ ಇಲ್ಲ. ಹೀಗೆಂದು ಮಕ್ಕಳಿಗೆ ನೇರವಾಗಿ ಹೇಳಬೇಕು.

ಎರಡನೆಯದಕ್ಕೆ ಉತ್ತರವನ್ನು ಮೇಲೆ ಹೇಳಿದ ಲಮೆತ್ರ್ ಪಾದ್ರಿಗಳಿಂದಲೇ ಕಲಿಯೋಣ. ೧೯೫೧ರಲ್ಲಿ ರೋಮಿನ ಪೋಪರು ತಮ್ಮ ಒಂದು ಭಾಷಣದಲ್ಲಿ, ಹೊಸ ವಿಜ್ಞಾನವು ಸೃಷ್ಟಿಕರ್ತನಿಗೆ ಸಾಕ್ಷಿ ಕೊಟ್ಟಿತೆಂಬಂತೆ ಮಾತಾಡಿದರು. ಲಮೆತ್ರರು ಅದಕ್ಕೆ ಸಂತೋಷಪಡಲಿಲ್ಲ. ದಿನಾಲು ಪ್ರಾರ್ಥಿಸುತ್ತಿದ್ದ ಆ ಪಾದ್ರಿಗಳು, ತಮ್ಮ ಗಣಿತವನ್ನು ಮತದ ರುಜುವಾತಾಗಿ ಉಪಯೋಗಿಸಬಾರದೆಂದು ಎಣಿಸಿದರು. ಯಾಕಂದರೆ ವಿಜ್ಞಾನದ ಮಾತು ನಾಳೆ ತಿದ್ದಲ್ಪಡಬಹುದು. ಅದರ ಮೇಲೆ ನಂಬಿಕೆಯ ಮನೆಯನ್ನು ಕಟ್ಟಿದವರು ನಾಳೆ ಬೀದಿಯಲ್ಲಿ ನಿಲ್ಲುವರು. ನಂಬಿಕೆಯ ಅಸ್ತಿವಾರ ಬೇರೆ ಇದೆ. ಕೂಲಿಯವನ ಕೂಲಿಯನ್ನು ಹಿಡಿದಿಡದವನೂ, ವಿಧವೆಯ ಹೊಲದ ಬದುವನ್ನು ಒತ್ತದವನೂ, ಲೋಕವು ಕರ್ತನದೆಂದು ಗಣಿತವಿಲ್ಲದೆ ತೋರಿಸಿಕೊಡುತ್ತಾನೆ.

ಕಡೆಯ ಮಾತು. ಸಭೆಯ ಹಿರಿಯರೇ, ತಾಯಿತಂದೆಗಳೇ, ಮಗುವು ನಕ್ಷತ್ರಗಳ ವಿಷಯ ಕೇಳಿದಾಗ ಈ ಮೂರನ್ನು ನೆನಪಿಡಿರಿ. ತಿಳಿದಿದ್ದರೆ ತಿಳಿದಷ್ಟು ಹೇಳಿರಿ. ತಿಳಿಯದಿದ್ದರೆ ತಿಳಿಯದೆಂದು ಹೇಳಿ, ಶಾಲೆಯ ಮಾಸ್ತರರನ್ನು ಕೂಡಿ ವಿಚಾರಿಸಿರಿ. ಎಂಥ ಪ್ರಸಂಗದಲ್ಲಿಯೂ ದೇವರ ಮಾನವನ್ನು ಕಾಯುವೆವೆಂದು ಸುಳ್ಳನ್ನು ಹೇಳಬೇಡಿರಿ. ಸತ್ಯದ ದೇವರಿಗೆ ನಮ್ಮ ಸುಳ್ಳಿನ ಆಸರೆ ಬೇಕಾಗಿಲ್ಲ.

ರವಿವಾರದ ಪಾಠದಲ್ಲಿ ಕೇಳತಕ್ಕ ಪ್ರಶ್ನೆಗಳು

೧. ನಕ್ಷತ್ರವನ್ನು ಮುಟ್ಟದೆ ಅದರಲ್ಲಿರುವ ವಸ್ತುವನ್ನು ತಿಳಿಯುವದು ಹೇಗೆ? ಒಲೆಯ ಉರಿಯ ದೃಷ್ಟಾಂತದಿಂದ ವಿವರಿಸಿರಿ.

೨. ೧೮೬೮ರ ಗ್ರಹಣದಲ್ಲಿ ಜಮಖಂಡಿಯಲ್ಲಿ ಕಂಡ ಗೆರೆಯು ಲೋಕಾರಂಭಕ್ಕೆ ಹೇಗೆ ಸಾಕ್ಷಿಯಾಗಿದೆ?

೩. ಲೋಕಕ್ಕೆ ಆರಂಭವುಂಟೆಂಬದಕ್ಕೆ ಮೂರು ಸಾಕ್ಷಿಗಳು ಯಾವವು?

೪. ಕ್ರಿಸ್ತ ಪೂರ್ವ ೪೦೦೪ ಎಂಬ ಲೆಕ್ಕವು ಯಾರದು? ಅದು ಮೂಲವೋ, ಅಂಚಿನ ಬರಹವೋ?

೫. ಅಗಸ್ಟೀನನ ಎಚ್ಚರಿಕೆಯನ್ನು ನಿಮ್ಮ ಮಾತಿನಲ್ಲಿ ಹೇಳಿರಿ. ನಮ್ಮ ಊರಿನಲ್ಲಿ ಅದು ಯಾವ ಸಂದರ್ಭಕ್ಕೆ ಸಲ್ಲುತ್ತದೆ?

೬. ನಿಮ್ಮ ಮನೆಯ ಮಗುವು ಈ ವರುಷ ಕೇಳಿದ ಯಾವ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ? ಅದನ್ನು ಬರೆದು ತಂದು ಎಲ್ಲರೂ ಕೂಡಿ ವಿಚಾರಿಸಿರಿ.